ಎಮ್ಮೆದೊಡ್ಡಿಯ ಎರಡು ಕಲ್ಲು

ಗಂಡಸರಿಗೆ ನಲವತ್ತೈದು ದಾಟಿದ ಮೇಲೆ ಏನಾದರೊಂದು ಹಿಡಿಯುತ್ತದೆ. ಕೆಲವರಿಗೆ ಸಕ್ಕರೆ ಕಾಯಿಲೆ, ಕೆಲವರಿಗೆ ರಾಜಕೀಯ, ಇನ್ನು ಕೆಲವರಿಗೆ ಮನೆ ಮೇಲೆ ಮನೆ ಕಟ್ಟುವ ಚಟ. ನಮ್ಮನೆಯವರಿಗೆ ಟರ್ಬೊ ಹಿಡಿಯಿತು. ಸಕ್ಕರೆ ಆಗಿದ್ದರೆ ಮಾತ್ರೆಯಾದರೂ ಇತ್ತು.

ನಮ್ಮನೆಯವರು ಎಂದರೆ ಶಿವಪ್ರಸಾದ್. ಕಡೂರಿನಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದಾರೆ. ನಾನು ಯಶೋಧರಾ, ಅದೇ ಊರಿನ ಹೈಸ್ಕೂಲಿನಲ್ಲಿ ಗಣಿತದ ಮೇಡಂ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಈ ಮನುಷ್ಯ ಒಂದು ಬಲ್ಬು ಬದಲಾಯಿಸಿದ್ದನ್ನು ನಾನು ನೋಡಿಲ್ಲ. ಅಂಥವರು ಒಂದು ದಿನ ಲಿಂಗದಹಳ್ಳಿಯಿಂದ ಜಪಾನಿನ ಸ್ಟೇಷನ್ ವ್ಯಾಗನ್ನೊಂದನ್ನು ಲಾರಿಯ ಹಿಂದೆ ಹಗ್ಗ ಕಟ್ಟಿ ಎಳೆಸಿಕೊಂಡು ಬಂದರು. ಯಾರೋ ಎಸ್ಟೇಟಿನ ಯಜಮಾನರು ರ‍್ಯಾಲಿ ಹುಚ್ಚಿಗೆ ಹಡಗಿನಲ್ಲಿ ತರಿಸಿ, ಹುಚ್ಚು ಬಿಟ್ಟ ಮೇಲೆ ಗೋಡೌನಿನಲ್ಲಿ ನಿಲ್ಲಿಸಿದ್ದರಂತೆ. ಅದರೊಳಗೆ ಕೋಳಿಗಳು ಐದಾರು ತಲೆಮಾರು ಸಂಸಾರ ಮಾಡಿದ್ದವು.

ಮುಂದಿನಿಂದ ನೋಡಿದರೆ ಕಾರು, ಹಿಂದಿನಿಂದ ನೋಡಿದರೆ ಆಂಬುಲೆನ್ಸು. ಬಿಳಿ ಬಣ್ಣ ಬೇರೆ. ಎದುರು ಮನೆಯ ಹಜೀರಾಬಿ ಓಡಿ ಬಂದು ನನ್ನ ಕೈ ಹಿಡಿದುಕೊಂಡರು.

"ಯಾರಿಗೆ ಏನಾಯ್ತು ಟೀಚರಮ್ಮಾ?"

"ಇವರಿಗೇ" ಎಂದೆ.

ಟರ್ಬೊ ಎಂದರೆ ಇಂಜಿನ್ನಿನ ಹೊಗೆಯ ಬಲದಿಂದಲೇ ಒಂದು ಚಕ್ರ ತಿರುಗಿ, ಇಂಜಿನ್ನಿಗೇ ಜೋರಾಗಿ ಗಾಳಿ ಊದುವ ಏರ್ಪಾಡು. ಒಲೆಗೆ ಊದುಕೊಳವೆ ಇದ್ದ ಹಾಗೆ. ಇದನ್ನು ನಾನು ಬೇಕೆಂದು ಕಲಿತದ್ದಲ್ಲ. ಊಟದ ಹೊತ್ತಿನಲ್ಲಿ, ಹಲ್ಲುಜ್ಜುವ ಹೊತ್ತಿನಲ್ಲಿ, ಒಮ್ಮೆ ನನಗೆ ನೂರಾ ಎರಡು ಜ್ವರ ಬಂದಿದ್ದಾಗ ತಲೆದೆಸೆಯಲ್ಲಿ ಕೂತು ಹೇಳಿಕೊಟ್ಟದ್ದು. ಹಳೆಯ ಜಪಾನ್ ಗಾಡಿಯವರ ವಾಟ್ಸಾಪ್ ಗುಂಪೊಂದಿದೆ. ನಿಂತಲ್ಲಿಂದ ಹೊರಟು ಕಾಲು ಮೈಲಿ, ಅಂದರೆ ನಾನೂರ ಎರಡು ಮೀಟರು, ಎಷ್ಟು ಸೆಕೆಂಡಿಗೆ ಮುಟ್ಟುತ್ತೀರಿ ಎನ್ನುವುದರ ಮೇಲೆ ಅಲ್ಲಿ ಮನುಷ್ಯನ ಮರ್ಯಾದೆ ನಿಂತಿದೆ. ಗಾಡಿ ಬಂದ ಮೂರನೇ ದಿನವೇ ಇವರು 'ನಮ್ಮದು ಹದಿನೈದರೊಳಗೆ' ಎಂದು ಬರೆದುಬಿಟ್ಟರು. ಆಗ ಗಾಡಿ ಸ್ಟಾರ್ಟೇ ಆಗುತ್ತಿರಲಿಲ್ಲ.

ಸ್ಟಾರ್ಟ್ ಮಾಡಿಕೊಟ್ಟವನು ತರೀಕೆರೆಯ ಮೆಕ್ಯಾನಿಕ್ ಮುಕ್ತಿಯಾರ್. ಮಿತಭಾಷಿ, ಒಳ್ಳೆಯ ಕೈ. ಬೀಗದ ಕೈ ಕೊಡುವಾಗ ಅವನು ಹೇಳಿದ್ದು ಇಷ್ಟೇ: "ಪ್ರಸಾದಣ್ಣ, ಗಾಡಿ ಚೆನ್ನಾಗೈತೆ. ಇನ್ನೊಂದ್ಸಲ ತನ್ನಿ, ಪೂರ್ತಿ ಬಿಚ್ಚಿ ಕ್ಲೀನ್ ಮಾಡ್ಕೊಡ್ತೀನಿ. ಅಲ್ಲೀವರ್ಗೂ ನೀವು ಮಾತ್ರ ಕೈ ಹಾಕ್ಬೇಡಿ."

ಇವರು ಮನೆಗೆ ಬಂದು ಕೈ ಹಾಕಿದರು.

ಅಳೆಯುವುದಕ್ಕೆ ಜಾಗ ಬೇಕಲ್ಲ. ಎಮ್ಮೆದೊಡ್ಡಿಯ ಕಾವಲಿನ ಅಂಚಿನಲ್ಲಿ ಒಂದು ರಸ್ತೆ ಇದೆ. ಒಂದೂವರೆ ಕಿಲೋಮೀಟರು ನೇರ, ಒಳ್ಳೆಯ ಡಾಂಬರು, ಕೊನೆಯಲ್ಲಿ ಹಳ್ಳ. ಹಳ್ಳಕ್ಕೆ ಸೇತುವೆ ಕಟ್ಟಬೇಕಿತ್ತು ಎಂಬುದು ಡಾಂಬರು ಹಾಕಿದ ಮೇಲೆ ಯಾರಿಗೋ ನೆನಪಾಗಿ, ರಸ್ತೆ ಎಲ್ಲಿಗೂ ಹೋಗದೆ ಅಲ್ಲೇ ನಿಂತಿದೆ. ಅಮೃತಮಹಲ್ ದನಗಳನ್ನು ಬಿಟ್ಟರೆ ಓಡಾಡುವವರಿಲ್ಲ. ಒಂದು ಭಾನುವಾರ ಬೆಳಿಗ್ಗೆ ಮೂವತ್ತು ಮೀಟರಿನ ಟೇಪಿನ ಒಂದು ತುದಿ ಇವರು, ಇನ್ನೊಂದು ತುದಿ ನಾನು ಹಿಡಿದು ಹದಿಮೂರು ಸಲ ಅಳೆದು, ಮೇಲೆ ಹನ್ನೆರಡು ಮೀಟರು ಸೇರಿಸಿದೆವು. ಹೊರಡುವ ಕಡೆ ಒಂದು ಕಲ್ಲು, ಮುಟ್ಟುವ ಕಡೆ ಒಂದು ಕಲ್ಲು. ದೂರದಿಂದ ಕಾಣಲಿ ಎಂದು ಇವರು ಎರಡಕ್ಕೂ ಸುಣ್ಣ ಬಳಿದು ಕೆಂಪು ಪಟ್ಟಿ ಎಳೆದರು. ಅನಾಹುತ ಆದದ್ದು ಅಲ್ಲೇ. ನಮ್ಮ ಕಡೆ ಕಲ್ಲಿಗೆ ಸುಣ್ಣ ಬಳಿದು ಕೆಂಪು ಪಟ್ಟಿ ಎಳೆದರೆ ಅದು ಕಲ್ಲಲ್ಲ, ಸರ್ಕಾರ.

ನನ್ನ ಕೆಲಸ ಮುಟ್ಟುವ ಕಲ್ಲಿನ ಪಕ್ಕ ಸ್ಟೂಲು ಹಾಕಿಕೊಂಡು, ಛತ್ರಿ ಹಿಡಿದು, ಫೋನಿನಲ್ಲಿ ಸೆಕೆಂಡು ನೋಡಿ ನೋಟುಬುಕ್ಕಿನಲ್ಲಿ ಬರೆಯುವುದು. ಇವರು ಆ ತುದಿಯಿಂದ ಫೋನಿನಲ್ಲಿ "ಒನ್, ಟೂ, ತ್ರೀ" ಎಂದ ಕೂಡಲೇ ಒತ್ತಬೇಕು, ಕಾರು ನನ್ನ ಮುಂದೆ ಹಾದಾಗ ಮತ್ತೆ ಒತ್ತಬೇಕು. ವಾರದಲ್ಲಿ ಆರು ದಿನ ಅರವತ್ತು ಮಕ್ಕಳ ಮುಂದೆ ನಿಂತವಳಿಗೆ ಏಳನೇ ದಿನದ ವಿಶ್ರಾಂತಿ ಇದು. ಮೊದಲ ದಿನ ಬಂದದ್ದು ಹದಿನಾರು ಪಾಯಿಂಟ್ ಎಂಟು.

ಹೊರಡುವ ಕಲ್ಲಿನಾಚೆ ತಿಪ್ಪಮ್ಮನ ಗುಡಿಸಲು. ಮುಟ್ಟುವ ಕಲ್ಲಿಗೆ ತಾಗಿ, ಎರಡು ಕಲ್ಲಿನ ನಡುವೆ, ಗಿಡ್ಡಪ್ಪನ ಹೊಲ. ಇಬ್ಬರೂ ನಲವತ್ತು ವರ್ಷದಿಂದ ಉಳುತ್ತಿದ್ದಾರೆ, ಇಬ್ಬರ ಕೈಯಲ್ಲೂ ಒಂದು ಚೂರು ಕಾಗದವಿಲ್ಲ. ತಿಪ್ಪಮ್ಮ ಮಜ್ಜಿಗೆಯ ಚೊಂಬು ಹಿಡಿದು ನನ್ನ ಹತ್ತಿರ ಬಂದಳು.

"ಸರ್ವೇನಾ ಅಮ್ಮಾರೆ?"

"ಅಯ್ಯೋ ಅಲ್ಲಮ್ಮಾ. ನಮ್ಮನೆಯವರು ಕಾರು ಎಷ್ಟು ಬೇಗ ಓಡತ್ತೆ ಅಂತ ನೋಡ್ತಿದ್ದಾರೆ."

ತಿಪ್ಪಮ್ಮ ನನ್ನನ್ನು ನೋಡಿದಳು, ಛತ್ರಿ ನೋಡಿದಳು, ನೋಟುಬುಕ್ಕು ನೋಡಿದಳು. ಓದಿದ ಹೆಂಗಸೊಬ್ಬಳು ಭಾನುವಾರ ಬಿಸಿಲಿನಲ್ಲಿ ಬಂದು ಕೂರುವುದು ಇದಕ್ಕೆ ಎಂದರೆ ನಂಬಲು ಅವಳೇನು ಹುಚ್ಚಿಯೇ?

"ಹೇಳ್ಬಾರ್ದು ಅಂತ ಮೇಲಿಂದ ಆಡ್ರು ಇದ್ರೆ ಬ್ಯಾಡ ಬಿಡವ್ವ. ಮಜ್ಗೆ ಕುಡಿ" ಎಂದಳು.

ಆ ತುದಿಯಲ್ಲಿ ಗಿಡ್ಡಪ್ಪ ಇವರನ್ನು ಹಿಡಿದಿದ್ದ. "ಡ್ರೈವರಣ್ಣ, ಮೇಡಂನೋರು ಬೆಂಗ್ಳೂರಿನೋರಾ?"

ಇವರಿಗೆ ಉರಿದುಹೋಯಿತು. "ರೀ, ನಾನು ಡ್ರೈವರ್ ಅಲ್ಲ. ಇಲ್ಲಿ ಎಲ್ಲಾ ನಂದೇ. ಆ ಕಲ್ಲು ನೆಟ್ಟಿದ್ದೂ ನಾನೇ."

"ಅಂಗಾರೆ ಇದೇ ಫೈನಲ್ಲಾ ಸ್ವಾಮಿ?"

"ಇಲ್ಲ ಇಲ್ಲ, ಇದು ಬರೀ ಟ್ರಯಲ್ಲು. ಏನೇನೋ ಬದಲಾವಣೆ ಮಾಡೋದಿದೆ. ಫೈನಲ್ಲಿಗೆ ಇನ್ನೂ ಮೂರ್ನಾಕು ವಾರ ಐತೆ ಅಂದ್ಕೊಳ್ಳಿ."

ಇದನ್ನು ಇವರು ದಾರಿಯುದ್ದಕ್ಕೂ ಹೆಮ್ಮೆಯಿಂದ ನನಗೆ ಹೇಳಿಕೊಂಡರು. ನಾನು ಅರ್ಧ ನಿದ್ದೆಯಲ್ಲಿದ್ದೆ.

ನನಗೆ ಆಮೇಲೆ ಗೊತ್ತಾದದ್ದನ್ನು ನಿಮಗೆ ಈಗಲೇ ಹೇಳಿಬಿಡುತ್ತೇನೆ. ಗುಟ್ಟು ಕಾಯುವಷ್ಟು ತ್ರಾಣ ನನಗಿಲ್ಲ. ಕಲ್ಲು ನೆಟ್ಟ ಸರ್ಕಾರ ಕೊಡುವುದಕ್ಕೆ ಬಂದಿದೆಯೋ ಕಿತ್ತುಕೊಳ್ಳುವುದಕ್ಕೆ ಬಂದಿದೆಯೋ ಎನ್ನುವುದು ಯಾರಿಗೆ ಗೊತ್ತು? ಎರಡು ಕಲ್ಲಿನ ನಡುವಿನ ಜಾಗವನ್ನೆಲ್ಲ ಬೇಲಿ ಹಾಕಿ ಕಿತ್ತುಕೊಳ್ಳುತ್ತಾರೆ ಎಂದು ಗಿಡ್ಡಪ್ಪ ತೀರ್ಮಾನಿಸಿದ. ಎರಡು ಕಲ್ಲಿನ ನಡುವೆ ಇರುವವರಿಗೆಲ್ಲ ಹಕ್ಕುಪತ್ರ ಕೊಡುತ್ತಾರೆ ಎಂದು ತಿಪ್ಪಮ್ಮ ತೀರ್ಮಾನಿಸಿದಳು. ಫೈನಲ್ ಆಗಿಲ್ಲ ಎಂದು ಸಾಹೇಬರೇ ಹೇಳಿದ್ದಾರೆ. ಕಲ್ಲು ಕೂತು ಗಟ್ಟಿಯಾಗುವ ಮೊದಲೇ ನೋಡಿಕೊಳ್ಳಬೇಕು, ಆಮೇಲೆ ಕೋರ್ಟೇ ಗತಿ. ಗಿಡ್ಡಪ್ಪ ಮೊದಲ ವಾರದಲ್ಲೇ ಹಾರೆ ತೆಗೆದುಕೊಂಡು ಹೋಗಿ, ತನ್ನ ಹೊಲ ಹೊರಗುಳಿಯುವ ಹಾಗೆ, ಮುಟ್ಟುವ ಕಲ್ಲನ್ನು ಒಳಕ್ಕೆ ಸರಿಸಿದ.

ಇತ್ತ ಇವರು ಏನು ಮಾಡಿದರು? ಇಂಜಿನ್ನಿನ ಗಾಳಿ ಡಬ್ಬಿಯನ್ನು ಗರಗಸದಿಂದ ಕೊಯ್ದು, ಬೋರ್‌ವೆಲ್ಲಿನ ಪಿವಿಸಿ ಪೈಪು ತಿರುಗಿಸಿ, ತುದಿಗೆ ಕೋನ್ ಐಸ್‌ಕ್ರೀಮಿನ ಆಕಾರದ ಫಿಲ್ಟರು ಸಿಕ್ಕಿಸಿದರು. ಎರಡನೇ ಭಾನುವಾರ ಹದಿನೈದು ಪಾಯಿಂಟ್ ಆರು!

"ಯಶೂ! ಒಂದು ಪೈಪಿಗೆ ಒಂದು ಸೆಕೆಂಡ್ ಮೇಲೆ ಕಣೇ! ಜಪಾನಿನ ಇಂಜಿನಿಯರುಗಳಿಗೆ ಹೊಳೀಲಿಲ್ಲ ನೋಡು!"

ಹೋದ ವಾರ ಜಾಲಿ ಮರದ ನೆರಳು ನನ್ನ ಸ್ಟೂಲಿನ ಮೇಲಿತ್ತು, ಈ ವಾರ ಮರವೇ ಎಲ್ಲೋ ದೂರದಲ್ಲಿದೆ ಎಂದು ನನಗೆ ಅನ್ನಿಸಿದ್ದು ನಿಜ. ಬಿಸಿಲಿಗೆ ಹೀಗಾಗಿರಬೇಕು ಎಂದುಕೊಂಡೆ. ಕನ್ನಡಕ ಮಾರುವವರಿಗೇ ಕಾಣದ್ದು ನನಗೇಕೆ ಕಾಣಬೇಕು?

ಮೂರನೇ ವಾರ ಇವರ ಕೈಗೆ ಎರಡು ಹೊಸ ವಿಚಾರ ಸಿಕ್ಕಿದವು. ಒಂದು, ಟರ್ಬೊ ಇನ್ನಷ್ಟು ಊದಲಿ ಎಂದು ಅದರ ಸಣ್ಣ ಕೊಳವೆಗೆ ಮೀನಿನ ತೊಟ್ಟಿಯ ನಲ್ಲಿ ಸಿಕ್ಕಿಸಿದರು. ಎರಡು, ತೂಕ ಇಳಿಸಬೇಕೆಂದು ಹಿಂದಿನ ಸೀಟು, ಸ್ಟೆಪ್ನಿ, ಕಾರ್ಪೆಟ್ಟು ಎಲ್ಲ ಕಿತ್ತು ನಮ್ಮ ಪಡಸಾಲೆಗೆ ತಂದಿಟ್ಟರು. ಸ್ಟೆಪ್ನಿ ಮೇಲೆ ನಾನು ಹೊಸ ಮೇಜುಬಟ್ಟೆ ಹಾಸಿದೆ. ಅದೇ ವಾರ ತಿಪ್ಪಮ್ಮ ಸೊಸೆಯರಿಬ್ಬರನ್ನು ಕರೆದುಕೊಂಡು ಹೊರಡುವ ಕಲ್ಲನ್ನು ತನ್ನ ಗುಡಿಸಲಿನ ಆಚೆಗೆ ಉರುಳಿಸಿಕೊಂಡು ಹೋದಳು.

ಹದಿನಾರು ಪಾಯಿಂಟ್ ನಾಲ್ಕು.

ಇವರು ಸ್ಟಿಯರಿಂಗಿನ ಮೇಲೆ ಹಣೆ ಇಟ್ಟು ಕೂತರು. ಅಂದು ಮಧ್ಯಾಹ್ನ ಊಟ ಬೇಡವೆಂದರು. ಸಂಜೆಗೆ ಕಾರಣ ಕಂಡುಹಿಡಿದರು: ಹಿಂದೆ ಹಗುರವಾಗಿ ಚಕ್ರಕ್ಕೆ ಹಿಡಿತ ತಪ್ಪಿದೆ. ಸೀಟು ಹಾಕಲು ಬೇಸರ, ನಟ್ಟುಗಳೂ ಕಳೆದುಹೋಗಿದ್ದವು. ಹಾಗಾಗಿ ಸೀಟಿನ ಜಾಗಕ್ಕೆ ಎರಡು ಮೂಟೆ ರಾಗಿ ಬಂತು.

ಅದೇ ಗುರುವಾರ ಕಡೂರಿನಲ್ಲಿ ನೆಂಟರ ಮಗಳ ನಿಶ್ಚಿತಾರ್ಥ. ಇವರ ಅಕ್ಕ ಶರ್ಮಿಳಾ ಅತ್ತಿಗೆ ಅಜ್ಜಂಪುರದಲ್ಲಿದ್ದಾರೆ. "ಅಕ್ಕನ್ನ ನಮ್ಮ ಗಾಡೀಲೇ ಕರ್ಕೊಂಡು ಬರೋಣ" ಎಂದರು. ಗಾಡಿಯಲ್ಲಿ ಇರುವುದೇ ಎರಡು ಸೀಟು ಎಂಬುದು ಅಜ್ಜಂಪುರ ಮುಟ್ಟಿದ ಮೇಲೆ ಇಬ್ಬರಿಗೂ ನೆನಪಾಯಿತು. ನಾನು ಹಿಂದೆ ಹೋಗುತ್ತೇನೆ ಎಂದೆ. ಅತ್ತಿಗೆ ಸ್ವಾಭಿಮಾನಿ, "ತಮ್ಮನ ಗಾಡಿ ಅಲ್ವೇನೇ, ನಾನೇ ಕೂರ್ತೀನಿ" ಎಂದು ರೇಷ್ಮೆ ಸೀರೆ ಎತ್ತಿಕೊಂಡು ರಾಗಿ ಮೂಟೆ ಏರಿದರು. ಕಡೂರಿನವರೆಗೂ ಹಿಂದಿನಿಂದ ಒಂದೇ ಒಂದು ಮಾತು ಬರಲಿಲ್ಲ. ಉಬ್ಬಿನಲ್ಲಿ ಮಾತ್ರ "ಅವ್ವಾ" ಎಂದು ಕೇಳುತ್ತಿತ್ತು.

ಛತ್ರದ ಮುಂದೆ ನಿಲ್ಲಿಸಿದ ಕೂಡಲೇ ಅಡಿಗೆಯವರಿಬ್ಬರು ಓಡಿ ಬಂದರು. ಬಿಳಿ ಗಾಡಿ, ಗಾಜಿನಲ್ಲಿ ಮೂಟೆ ಕಾಣುತ್ತಿದೆ. "ಇಷ್ಟೊತ್ತಿಗಾ ಸಾಮಾನು ತರೋದು? ಸಾರಿಗೆ ಬೇಳೆ ಇಲ್ದೆ ಕೂತಿದ್ದೀವಿ!" ಎನ್ನುತ್ತಾ ಹಿಂದಿನ ಬಾಗಿಲು ಎತ್ತಿದರು. ಮೂಟೆಯ ಮೇಲೆ ಶರ್ಮಿಳಾ ಅತ್ತಿಗೆ ಮುಡಿದ ಹೂವು ಕಣ್ಣಿನ ಮೇಲೆ ಜಾರಿ, ಕೈಯಲ್ಲಿ ಫಲತಾಂಬೂಲದ ತಟ್ಟೆ ಹಿಡಿದು ಕೂತಿದ್ದರು. ಗಂಡಿನ ಕಡೆಯವರೆಲ್ಲ ಬಾಗಿಲಲ್ಲೇ ನಿಂತಿದ್ದರು.

ಅತ್ತಿಗೆ ಇಳಿದು, ಸೀರೆ ಕೊಡವಿ, ಎಲ್ಲರಿಗೂ ಕೇಳುವಂತೆ ಹೇಳಿದರು: "ಲೇ ಪ್ರಸಾದ, ನಮ್ಮಪ್ಪ ನನ್ನ ಟ್ರ್ಯಾಕ್ಟರಲ್ಲಿ ಕೂರ್ಸಿ ಗಂಡನ ಮನೆಗೆ ಕಳ್ಸಿದ್ರು. ಅವತ್ತೂ ನನಗೊಂದು ಕುರ್ಚಿ ಹಾಕಿದ್ರು ಕಣೋ."

ನನಗೆ ಸಾಕಾಯಿತು. ನಿಜವಾಗಿ ಸಾಕಾಯಿತು. ಮನೆಗೆ ಬಂದು, ಪಡಸಾಲೆಯಲ್ಲಿದ್ದ ಕಾರಿನ ಸೀಟಿನ ಮೇಲೆ ಕೂತೇ ಹೇಳಿದೆ: "ನೋಡ್ರೀ, ಬರೋ ಭಾನುವಾರ ಕೊನೇದು. ಹದಿನೈದರೊಳಗೆ ಬಂದ್ರೆ ಗಾಡಿ ನಮ್ಮನೇಲಿ ಸಾಯೋವರೆಗೂ ಇರಲಿ, ನಾನು ತುಟಿ ಪಿಟಕ್ ಅನ್ನಲ್ಲ. ಬರ್ಲಿಲ್ವಾ, ಲಕ್ಕವಳ್ಳಿ ಪುಟ್ಟಯ್ಯನೋರಿಗೆ ಕೊಟ್ಬಿಡಬೇಕು."

ಪುಟ್ಟಯ್ಯ ಶಾಮಿಯಾನದ ಅಂಗಡಿಯವರು. ಅನ್ನದ ಕೊಪ್ಪರಿಗೆ, ಮಡಿಸುವ ಕುರ್ಚಿ ಸಾಗಿಸಲು ಇಂಥದ್ದೇ ಉದ್ದನೆಯ ಗಾಡಿ ಬೇಕೆಂದು ಎರಡು ಸಲ ಕೇಳಿದ್ದರು. ಟರ್ಬೊ ಮೇಲೆ ಕೊಪ್ಪರಿಗೆ ಎಂದ ಕೂಡಲೇ ಇವರ ಮುಖ ಬಿಳಿಚಿಕೊಂಡಿತು. ಆದರೂ "ಮಾತು ಅಂದ್ರೆ ಮಾತು" ಎಂದರು.

ಮಾರನೇ ದಿನವೇ ತಲೆ ತಗ್ಗಿಸಿಕೊಂಡು ತರೀಕೆರೆಗೆ ಹೋದರು. ಮುಕ್ತಿಯಾರ್ ಪಿವಿಸಿ ಪೈಪು ನೋಡಿದ, ಮೀನಿನ ನಲ್ಲಿ ನೋಡಿದ, ರಾಗಿ ನೋಡಿದ. ಬೈಯಲಿಲ್ಲ. ಟರ್ಬೊದ ಬಿಸಿ ಗಾಳಿ ತಣ್ಣಗಾಗುವ ಡಬ್ಬಿಯನ್ನು ಬಿಚ್ಚಿ, ಒಳಗೆ ಕೈ ಹಾಕಿ, ಒಂದು ಬೊಗಸೆ ಕೋಳಿ ಪುಕ್ಕ ಎಳೆದು ಮೇಜಿನ ಮೇಲಿಟ್ಟ. "ಇಷ್ಟು ದಿವ್ಸ ಗಾಡಿ ಮೂಗು ಕಟ್ಕೊಂಡೇ ಓಡೈತೆ, ಪ್ರಸಾದಣ್ಣ" ಎಂದ. ಪುಕ್ಕ ತೆಗೆದು, ಪ್ಲಗ್ಗು ಬದಲಾಯಿಸಿ, ರಾಗಿ ಇಳಿಸಿ ಕಳಿಸಿದ. ಸೀಟಿಗೆ ತನ್ನಲ್ಲಿದ್ದ ಹಳೆಯ ನಟ್ಟುಗಳನ್ನು ಹುಡುಕಿಕೊಟ್ಟ.

ಕೊನೆಯ ಭಾನುವಾರ ನಾವು ಹೋಗುವಷ್ಟರಲ್ಲಿ ರಸ್ತೆಯ ಎರಡೂ ಬದಿಗೆ ನಲವತ್ತು ಐವತ್ತು ಜನ. ಫೈನಲ್ಲು ಎಂದು ಇವರೇ ಹೇಳಿದ್ದರಲ್ಲ. ಆಧಾರ್ ಜೆರಾಕ್ಸು, ಕಂದಾಯದ ಹಳೇ ರಸೀತಿ, ತಾತನ ಕಾಲದ ಚೀಟಿ, ಎಲ್ಲ ಪ್ಲಾಸ್ಟಿಕ್ ಕವರಿನಲ್ಲಿ ಹಿಡಿದು ನನ್ನ ಸ್ಟೂಲಿನ ಮುಂದೆ ಸಾಲು ನಿಂತರು. ಊರಿನ ಗ್ರಾಮ ಲೆಕ್ಕಿಗ ತೀರ್ಥಪ್ಪನೂ ಬೆವರು ಒರೆಸಿಕೊಳ್ಳುತ್ತಾ ಬಂದ.

"ಮೇಡಂ, ನನಗೊಂದು ಮಾತು ಮೊದ್ಲೇ ಹೇಳಿದ್ರೆ ಕುರ್ಚಿ ಹಾಕ್ಸ್ತಿದ್ದೆ."

"ತೀರ್ಥಪ್ಪನವರೇ, ನಾನು ಕಡೂರು ಹೈಸ್ಕೂಲಿನ ಟೀಚರ್ ಕಣ್ರೀ. ಇದು ನಮ್ಮನೆಯವರ ಕಾರಿನ ವ್ಯವಹಾರ."

ತೀರ್ಥಪ್ಪ ದನಿ ತಗ್ಗಿಸಿದ. "ಆಯ್ತು ಮೇಡಂ. ನಾನು ಯಾರ್ಗೂ ಹೇಳಲ್ಲ." ಪಕ್ಕಕ್ಕೆ ಹೋಗಿ ಸರ್ವೆಯರಿಗೆ ಫೋನು ಹಚ್ಚಿದ.

ಅರ್ಜಿಗಳನ್ನು ವಾಪಸ್ ಕೊಟ್ಟೆ, ತೆಗೆದುಕೊಳ್ಳಲಿಲ್ಲ. ಕೈ ಮುಗಿದೆ, ಅವರೂ ಮುಗಿದರು. ಕೊನೆಗೆ "ಎಲ್ಲಾ ರಸ್ತೆ ಬಿಟ್ಟು ಹತ್ತು ಮಾರು ಹಿಂದೆ ನಿಲ್ಲಿ!" ಎಂದು ತರಗತಿಯ ದನಿ ತೆಗೆದೆ. ಆ ಒಂದು ಮಾತನ್ನು ಮಾತ್ರ ಎಲ್ಲರೂ ಕೇಳಿದರು. ದನಗಳೂ ಸರಿದವು.

"ಒನ್, ಟೂ, ತ್ರೀ."

ಅವತ್ತು ಗಾಡಿ ಬಂದ ರೀತಿಯೇ ಬೇರೆ. ಹಿಂದಿನ ವಾರಗಳಲ್ಲಿ ಏದುಸಿರು ಬಿಡುತ್ತಾ ಬರುತ್ತಿದ್ದದ್ದು ಈ ಸಲ ಸೀಳಿಕೊಂಡು ಬಂತು. ನನ್ನ ಛತ್ರಿ ಉಲ್ಟಾ ಆಯಿತು. ಒತ್ತಿದೆ. ನೋಡಿದೆ.

ಹದಿನೈದು ಪಾಯಿಂಟ್ ಎರಡು.

ಫೋನಿನಲ್ಲಿ ಹೇಳಿದೆ. "ಸರಿ ಬಿಡು" ಎಂದರು. ಗಾಡಿ ಹಳ್ಳದ ಹತ್ತಿರ ನಿಂತಿತು. ಇವರು ಇಳಿದು ಬಾನೆಟ್ಟು ಎತ್ತಿ, ಜನಕ್ಕೆ ಬೆನ್ನು ಹಾಕಿ ನಿಂತುಕೊಂಡರು. ಗೆದ್ದೆ ಎಂದು ನನಗೆ ಸಂತೋಷವಾಗಬೇಕಿತ್ತು. ಸ್ವಲ್ಪ ಆಯಿತು ಕೂಡ. ಸುಳ್ಳೇಕೆ ಹೇಳಲಿ?

ಆಗ ಸರ್ವೆಯರ್ ಕನಕರಾಜು ಬೈಕಿನಲ್ಲಿ ಬಂದ. ಭಾನುವಾರ ಕರೆಸಿದ್ದಕ್ಕೆ ಮುಖ ಕೆಂಪಾಗಿತ್ತು.

"ಯಾರ್ರೀ ಇದು, ನನ್ನ ಹೋಬಳೀಲಿ ನನಗೇ ಗೊತ್ತಿಲ್ದೆ ಕಲ್ಲು ನೆಟ್ಟೋರು?"

ಮೊದಲಿನಿಂದ ಕೊನೆಯವರೆಗೆ ಹೇಳಿದೆ. ನಾಲ್ಕು ವಾರದಲ್ಲಿ ನನ್ನ ಮಾತು ನಂಬಿದ ಮೊದಲ ಮನುಷ್ಯ ಅವನೇ. ಪಾಪ, ಅವನ ಬಾವನೂ ಬುಲೆಟ್ಟಿಗೆ ಹೀಗೇ ಏನೇನೋ ಜೋಡಿಸುತ್ತಾನಂತೆ. ಆದರೂ ಕಲ್ಲು ಕಂಡ ಮೇಲೆ ಅಳೆಯದೆ ಹೋದರೆ ತನಗೆ ಊಟ ಸೇರುವುದಿಲ್ಲ ಎಂದು ಟೇಪು ತೆಗೆದ. ತೀರ್ಥಪ್ಪ ಒಂದು ತುದಿ ಹಿಡಿದ. ಅಳೆದು ಬಂದು ಕನಕರಾಜು ಹೇಳಿದ: "ಎಷ್ಟಂದ್ರಿ ಮೇಡಂ, ನಾನೂರ ಎರಡಾ? ಇದು ನಾನೂರ ಮೂವತ್ತೇಳು ಐತಲ್ಲ."

ನಾನು ಗಿಡ್ಡಪ್ಪನ ಮುಖ ನೋಡಿದೆ. ಗಿಡ್ಡಪ್ಪ ಆಕಾಶ ನೋಡಿದ. ತರಗತಿಯಲ್ಲಿ ಇಂಥ ಆಕಾಶ ನೋಡುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

"ಯಾರು ಮುಟ್ಟಿದ್ದು ಕಲ್ಲು?" ಎಂದೆ.

"ನಾನು ಒಳೀಕೆ ನಲವತ್ತು ಮೀಟ್ರು ತಂದೆ, ಅಷ್ಟೇಯ" ಎಂದ ಗಿಡ್ಡಪ್ಪ. "ಸುಳ್ಳಾಡಿದ್ರೆ ನನ್ನ ಕೈ ಸೇದೋಗ್ಲಿ."

ತಿಪ್ಪಮ್ಮ ಅವನ ಮೇಲೆ ಎಗರಿದಳು. "ಮುಂಡೇದೇ, ನೀನು ಆ ಕಡೆಯಿಂದ ತಳ್ತಿದ್ಯಾ? ನಾನು ಎಪ್ಪತ್ತೈದು ಮೀಟ್ರು ಈ ಕಡೆ ಎಳ್ದು ಸೊಂಟ ಮುರ್ಕೊಂಡಿದ್ದೀನಲ್ಲೋ!"

ಕನಕರಾಜು ಇಬ್ಬರಿಗೂ ಒಟ್ಟಿಗೆ ಬೈದು, ಎರಡೂ ಕಲ್ಲು ಕೀಳಿಸಿ ಪೊದೆಯೊಳಗೆ ಹಾಕಿಸಿದ. ಬಂದವರು ಬಂದದ್ದೇ ಲಾಭವೆಂದು ಅರ್ಜಿಗಳನ್ನು ಅವನ ಕೈಗೇ ತುರುಕಿದರು. ತಿಪ್ಪಮ್ಮನ ಕವರನ್ನು ನಾನೇ ಅವನ ಬೈಕಿನ ಪೆಟ್ಟಿಗೆಯಲ್ಲಿಟ್ಟೆ. "ಇವರದ್ದು ಮೊದ್ಲು ನೋಡ್ರೀ" ಎಂದೆ. ಅಷ್ಟು ದಿನದ ಅಧಿಕಾರದಲ್ಲಿ ನಾನು ಮಾಡಿದ ಕೆಲಸ ಅದೊಂದೇ.

ಇಷ್ಟೂ ಗಲಾಟೆ ನಡೆಯುವಾಗ ಇವರು ಹಳ್ಳದ ಬಳಿ ಬಾನೆಟ್ಟಿನೊಳಗೆ ತಲೆ ಹಾಕಿಕೊಂಡೇ ಇದ್ದರು. ಒಂದಕ್ಷರ ಕೇಳಿಸಲಿಲ್ಲ. ಮನೆಗೆ ವಾಪಸ್ ಬರುವಾಗ ನಲವತ್ತರ ಮೇಲೆ ಓಡಿಸಲಿಲ್ಲ. ಲೂನಾದವನೊಬ್ಬ ಹಾರನ್ನು ಹೊಡೆದು ಹಿಂದೆ ಹಾಕಿ ಹೋದ. ಇವರು ಅವನಿಗೆ ಕೈ ತೋರಿಸಿ ದಾರಿ ಬಿಟ್ಟರು.

ಲೆಕ್ಕ ನನ್ನ ತಲೆಯಲ್ಲಿ ತಾನಾಗಿಯೇ ಆಗಿಹೋಯಿತು. ಹೆಚ್ಚಿಗೆ ಓಡಿದ್ದು ಮೂವತ್ತೈದು ಮೀಟರು. ಆ ವೇಗದಲ್ಲಿ ಅದಕ್ಕೆ ಮುಕ್ಕಾಲು ಸೆಕೆಂಡಿಗೂ ಮೇಲೆ. ಹದಿನೈದು ಪಾಯಿಂಟ್ ಎರಡರಲ್ಲಿ ಅದನ್ನು ಕಳೆದರೆ ಹದಿನಾಲ್ಕೂವರೆಯ ಒಳಗೆ. ಇವರು ಗೆದ್ದಿದ್ದರು. ಅದು ಗೊತ್ತಿದ್ದವಳು ನಾನೊಬ್ಬಳೇ.

ಸುಮ್ಮನಿದ್ದರೆ ಆಗಿತ್ತು. ಬುಧವಾರ ಪುಟ್ಟಯ್ಯ ಬಂದು ಗಾಡಿ ಒಯ್ಯುತ್ತಾರೆ, ಪಡಸಾಲೆ ಖಾಲಿಯಾಗುತ್ತದೆ, ಭಾನುವಾರ ನನ್ನದಾಗುತ್ತದೆ. ಸೋಮವಾರ ಸುಮ್ಮನಿದ್ದೆ. ಮಂಗಳವಾರ ಶಾಲೆಯಿಂದ ಬಂದಾಗ ಇವರು ಕಾರು ತೊಳೆಯುತ್ತಿದ್ದರು. ಕೊಪ್ಪರಿಗೆ ಹೊರಲು ಹೋಗುವ ಗಾಡಿಯ ಚಕ್ರದ ನಟ್ಟುಗಳನ್ನು ಒಂದೊಂದಾಗಿ, ಕನ್ನಡಕದ ಗಾಜು ಒರೆಸುವ ಮೆತ್ತನೆ ಬಟ್ಟೆಯಲ್ಲಿ ಒರೆಸುತ್ತಿದ್ದರು. ನನ್ನನ್ನು ನೋಡಿ, "ಪುಟ್ಟಯ್ಯನೋರಿಗೆ ಆಯಿಲ್ ಬದಲಾಯಿಸೋ ತಾರೀಕು ಒಂದು ಚೀಟೀಲಿ ಬರೆದುಕೊಡು ಯಶೂ, ನನ್ನ ಅಕ್ಷರ ಅವರಿಗೆ ಅರ್ಥ ಆಗಲ್ಲ" ಎಂದರು.

ಮಕ್ಕಳ ಉತ್ತರ ಪತ್ರಿಕೆಯಲ್ಲಿ ಅರ್ಧ ಅಂಕ ಕಡಿಮೆ ಕೂಡಿದರೂ ನಿದ್ದೆ ಬಾರದ ಜನ್ಮ ನನ್ನದು. ತಪ್ಪು ಲೆಕ್ಕ ಇಟ್ಟುಕೊಂಡು 'ನಾನು ಗೆದ್ದೆ' ಎಂದು ಇನ್ನೆಷ್ಟು ದಿನ ಬಾಳಲಿ? ಚೀಲ ಕೆಳಗಿಟ್ಟು ಎಲ್ಲವನ್ನೂ ಹೇಳಿದೆ. ಗಿಡ್ಡಪ್ಪನ ನಲವತ್ತು, ತಿಪ್ಪಮ್ಮನ ಎಪ್ಪತ್ತೈದು, ಕನಕರಾಜುವಿನ ಟೇಪು.

"ನೀವು ಗೆದ್ದಿದ್ದೀರ ಕಣ್ರೀ" ಎಂದೆ. ನನ್ನ ಕಣ್ಣು ಒದ್ದೆಯಾಗಿತ್ತು. ಸಂತೋಷಕ್ಕೋ ಸುಸ್ತಿಗೋ ದೇವರಾಣೆ ಗೊತ್ತಿಲ್ಲ.

ಇವರು ಕುಣಿಯುತ್ತಾರೆ, ಹಜೀರಾಬಿಯನ್ನು ಕೂಗಿ ಕರೆಯುತ್ತಾರೆ, ವಾಟ್ಸಾಪಿನಲ್ಲಿ ಹಾಕುತ್ತಾರೆ ಎಂದುಕೊಂಡಿದ್ದೆ. ಒದ್ದೆ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತರು. ಬಹಳ ಹೊತ್ತು ಬೆರಳು ಮಡಿಸಿದರು.

"ಅಂದ್ರೆ ಎರಡನೇ ವಾರದ್ದು ಸುಳ್ಳು" ಎಂದರು. "ಪೈಪಿಂದ ಆಗಿದ್ದಲ್ಲ. ಮೂರನೇ ವಾರದ್ದೂ ಸುಳ್ಳು. ಸೀಟು ತೆಗೆದಿದ್ದು ತಪ್ಪಾಗಿರ್ಲಿಲ್ಲ. ಯಾವುದರಿಂದ ಏನಾಯ್ತು ಅಂತ ಒಂದೂ ಗೊತ್ತಿಲ್ಲ ಕಣೇ!"

"ಗೊತ್ತಾಗೋದು ಏನಿದೆ ಇನ್ನು? ಗೆದ್ದಾಯ್ತಲ್ಲ."

"ಹಂಗಂದ್ರೆ ಹೆಂಗೆ? ಎಲ್ಲಾ ಬಿಚ್ಚಿ, ಒಂದೊಂದೇ ಹಾಕಿ, ವಾರ ವಾರ ಅಳೀಬೇಕು. ಮೊದಲಿಂದ." ಎದ್ದು ನಿಂತರು. ಮುಖದಲ್ಲಿ ಆ ಹಾಳು ಬೆಳಕು ವಾಪಸ್ ಬಂದಿತ್ತು. "ಈ ಸಲ ಕಲ್ಲು ಬೇಡ ಯಶೂ. ಸಿಮೆಂಟ್ ಕಂಬ ನೆಡೋಣ."

ನಾನು ಒಳಗೆ ಹೋಗಿ ಲಕ್ಕವಳ್ಳಿಗೆ ಫೋನು ಮಾಡಿದೆ. "ಪುಟ್ಟಯ್ಯನೋರೇ, ನಾಳೆ ಬರ್ಬೇಡಿ. ಗಾಡಿ ಕೊಡಲ್ಲ."

ಅವರು ಗಾಬರಿಯಾದರು. "ಯಾಕೆ ಮೇಡಂ, ನಿಮ್ಮ ದನಿ ಯಾಕೋ ಹಂಗೈತೆ. ಮನೇಲಿ ಏನಾದ್ರೂ ಹೆಚ್ಚುಕಮ್ಮಿ ಆಯ್ತಾ?"

"ಹೂಂ ಪುಟ್ಟಯ್ಯನೋರೇ" ಎಂದೆ. "ನಮ್ಮನೆಯೋರು ಗೆದ್ದುಬಿಟ್ರು."